ಬೆರೆಂಡ್ ಲೆಸ್ಸಿಂಕನ ರೆಪ್ಪೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಬೀದಿಯಲ್ಲಿ ಯಾರೂ ಯಾರ ಮನೆಯೊಳಗೂ ಇಣುಕುವುದಿಲ್ಲ. ಮುಂದಿನ ಕೋಣೆಯ ಕಿಟಕಿಗೆ ಪರದೆ ಎಳೆಯುವುದು ನಮ್ಮಲ್ಲಿ ಮರ್ಯಾದಸ್ಥರ ಲಕ್ಷಣವಲ್ಲ. ಮುಚ್ಚಿಡುವಂಥದ್ದು ಏನಿದೆಯಪ್ಪಾ ಎಂದು ಜನ ಕೇಳುತ್ತಾರೆ. ಹಾಗಾಗಿ ಎಲ್ಲರ ಕಿಟಕಿಗಳೂ ಬಟಾಬಯಲು. ನಾನು ನಿವೃತ್ತ ಅಂಚೆಯವನು, ಎಡಮಂಡಿ ಕೆಟ್ಟಿದೆ, ಬೆಳಿಗ್ಗೆ ಏಳು ಗಂಟೆಗೆ ಕಾಫಿ ಹಿಡಿದು ಕಿಟಕಿಯ ಪಕ್ಕ ಕೂರುತ್ತೇನೆ. ಎದುರಿಗೆ ಬೆರೆಂಡ್ ಲೆಸ್ಸಿಂಕನ ಮನೆ ಇದೆ. ಅದನ್ನು ಅಲ್ಲಿ ನಾನು ಕಟ್ಟಿಸಲಿಲ್ಲ. ಇದನ್ನು ಇಣುಕುವುದು ಎನ್ನುವವರು ಯಾರಾದರೂ ಇದ್ದರೆ, ನನ್ನ ಕುರ್ಚಿಯಲ್ಲಿ ಕೂತು ಬೇರೆ ಕಡೆ ನೋಡಿ ತೋರಿಸಲಿ.

ಬೆರೆಂಡನಿಗೆ ಅರವತ್ತೆರಡು ವಯಸ್ಸು. ಮನೆಗೆ ಅಂಟಿಕೊಂಡೇ ಸೈಕಲ್ ರಿಪೇರಿ ಅಂಗಡಿ. ಸಾಸಿವೆ ಕಾಳಿನಷ್ಟು ಸಣ್ಣ ಬೇರಿಂಗ್ ಗುಂಡನ್ನೂ ಹದವಾಗಿ ಕೂರಿಸಬಲ್ಲ ಬೆರಳು ಅವನದು. ಆದರೆ ಇನ್ನೊಬ್ಬರಿಗೆ "ಇಲ್ಲ" ಎನ್ನುವ ವಿದ್ಯೆ ಮಾತ್ರ ಅವನಿಗೆ ಯಾರೂ ಕಲಿಸಿರಲಿಲ್ಲ. ಪಕ್ಕದ ಮನೆಯ ಡೆರ್ಕ್ ನೈಲಾಂಡ್ "ಎರಡು ದಿನ ಇರಲಿ" ಎಂದು ತನ್ನ ಟ್ರೇಲರನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿ ಹನ್ನೊಂದು ವರ್ಷವಾಯಿತು. ಗಿರಾಕಿಗಳು ಅದನ್ನು ಸುತ್ತಿ ಬಳಸಿ ಬರುತ್ತಾರೆ. ಬೆರೆಂಡ್ ಒಂದು ದಿನವೂ ತುಟಿ ಬಿಚ್ಚಿದವನಲ್ಲ.

ಇನ್ನು ಅವನ ಕನ್ನಡಕ. ಮೈನಸ್ ಒಂಬತ್ತು. ಜಾಮ್ ಬಾಟಲಿಯ ತಳದಷ್ಟು ದಪ್ಪ. ಅದರ ಹಿಂದೆ ಕಣ್ಣುಗಳಿವೆ ಎನ್ನುವುದನ್ನು ನಾವೆಲ್ಲ ನಂಬಿಕೆಯ ಮೇಲೆ ಒಪ್ಪಿಕೊಂಡಿದ್ದೆವು.

ಮೇ ಹದಿನೇಳಕ್ಕೆ ಬೆರೆಂಡ್ ಮತ್ತು ಹನ್ನಿಯ ಮದುವೆಗೆ ನಲವತ್ತು ವರ್ಷ ತುಂಬುವುದಿತ್ತು. ನಮ್ಮ ಟ್ವೆಂಟೆ ಸೀಮೆಯಲ್ಲಿ ನೆರೆಯವನು ಎಂದರೆ ಪಕ್ಕದಲ್ಲಿ ವಾಸಿಸುವವನು ಎಂದಷ್ಟೇ ಅಲ್ಲ, ಅದೊಂದು ಹುದ್ದೆ. ಮನೆಯ ಮೊದಲ ನೆರೆಯವನು ಯಾರೆಂದು ಗೊತ್ತು ಮಾಡಿರುತ್ತೇವೆ. ಹೆರಿಗೆಯಾದರೆ ಊರಿಗೆ ಸಾರುವವನು ಅವನು, ಸತ್ತರೆ ಹೆಣ ಹೊರುವವರನ್ನು ಕರೆಯುವವನು ಅವನು. ಮದುವೆಯ ವರ್ಷ ತುಂಬಿದರೆ ಬಾಗಿಲಿಗೆ ದೇವದಾರಿನ ಸೊಪ್ಪಿನ ಕಮಾನು ಕಟ್ಟಿಸುವುದೂ ಅವನದೇ ಕೆಲಸ. ಕಮಾನಿಗೆ ಕಾಗದದ ಗುಲಾಬಿ ಬೇಕು, ಮಳೆಗೆ ಕರಗದ ಹಾಗೆ ಮೇಣದಲ್ಲಿ ಅದ್ದಿದ್ದು, ಕಮ್ಮಿಯೆಂದರೆ ಆರುನೂರು. ಬೀದಿಯವರೆಲ್ಲ ಸಂಜೆ ಹೊತ್ತು ಮೊದಲ ನೆರೆಯವನ ಕೊಟ್ಟಿಗೆಯಲ್ಲಿ ಕೂತು ಮಡಚುತ್ತಾರೆ. ದಂಪತಿಗಳು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬೆರೆಂಡನ ಮೊದಲ ನೆರೆಯವನು ಈ ಡೆರ್ಕ್. ಪೌರಸಭೆಯಲ್ಲಿ ರಸ್ತೆ ಕೆಲಸದ ಮೇಲ್ವಿಚಾರಕನಾಗಿದ್ದ. ಈಗಲೂ ಊರಲ್ಲಿ ಯಾರು ಗುಂಡಿ ತೋಡಿದರೂ ಪಕ್ಕದಲ್ಲಿ ನಿಂತು ಎಷ್ಟು ಆಳ ಎಂದು ಹೇಳುತ್ತಾನೆ.

ಮುಂದೆ ನಡೆದದ್ದರ ನಿಜ ನಮಗೆ ತಿಳಿದದ್ದು ಎಲ್ಲ ಕೆಟ್ಟು ಕೂತ ಮೇಲೆ. ನಿಮ್ಮನ್ನು ಕಾಯಿಸುವುದು ಬೇಡ, ಈಗಲೇ ಹೇಳುತ್ತೇನೆ.

ಮಾರ್ಚ್ ತಿಂಗಳ ಒಂದು ಭಾನುವಾರ ಹನ್ನಿ ಆಲ್ಬಮ್ ಜೋಡಿಸಲು ಹಳೆಯ ಫೋಟೋಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡಿದ್ದಳು. ಮದುವೆಯದು, ಮಗಳು ಹುಟ್ಟಿದ್ದು, ಸಮುದ್ರ ದಂಡೆಯದು, ಇಪ್ಪತ್ತೈದನೇ ವರ್ಷದ ಕಮಾನಿನದು. ಪ್ರತಿಯೊಂದರಲ್ಲೂ ಬೆರೆಂಡನ ಕಣ್ಣಿರಬೇಕಾದ ಜಾಗದಲ್ಲಿ ಎರಡು ಬಿಳಿ ಹೊಳಪು.

"ನೋಡು ಬೆರೆಂಡ್," ಎಂದಳು ಹನ್ನಿ. "ನಲವತ್ತು ವರ್ಷ ನಾನು ಮೋಟಾರಿನ ಎರಡು ದೀಪದ ಜೊತೆ ಸಂಸಾರ ಮಾಡಿದ ಹಾಗಿದೆ. ನೀನು ಸತ್ತುಹೋದ್ರೆ ನಿನ್ನ ಕಣ್ಣು ಹೇಗಿತ್ತು ಅಂತ ನೆನಪಿಸ್ಕೊಳ್ಳೋಕೆ ನನ್ನ ಹತ್ರ ಒಂದು ಫೋಟೋನೂ ಇಲ್ಲ."

ಅವಳು ನಗುತ್ತಲೇ ಹೇಳಿದ್ದು. ಬೆರೆಂಡನಿಗೆ ಮಾತ್ರ ಅದು ಚುಚ್ಚಿತು. ಮಾರನೆಯ ದಿನವೇ ಅಂಗಡಿಗೆ ಬೀಗ ಹಾಕಿ, ಪಟ್ಟಣದ ಕನ್ನಡಕದಂಗಡಿಗೆ ಹೋಗಿ, ಕಾಂಟ್ಯಾಕ್ಟ್ ಲೆನ್ಸ್ ಬೇಕೆಂದು ಕೇಳಿದ. ಹದಿನೇಳರವರೆಗೆ ಹನ್ನಿಗೆ ಗೊತ್ತಾಗಬಾರದು, ಕಮಾನಿನ ಕೆಳಗೆ ಒಮ್ಮೆಲೇ ಕನ್ನಡಕ ತೆಗೆದು ಬೆರಗುಗೊಳಿಸಬೇಕು ಎಂಬುದು ಅವನ ಯೋಜನೆ.

ಅಂಗಡಿಯ ಹುಡುಗಿ ಫೆಮ್ಕೆ ತಾಳ್ಮೆಯವಳು. "ಒಂದು ಬೆರಳಲ್ಲಿ ಮೇಲಿನ ರೆಪ್ಪೆ ಎತ್ತಿ ಹಿಡೀರಿ, ಇನ್ನೊಂದರಲ್ಲಿ ಕೆಳಗಿಂದು. ನೇರ ನೋಡಿ. ಹೆದರ್ಬೇಡಿ," ಎಂದು ಹೇಳಿಕೊಟ್ಟಳು. ಬೆರೆಂಡನ ಬೆರಳು ಹತ್ತಿರ ಬಂದಾಗಲೆಲ್ಲ ಬೆರೆಂಡನ ತಲೆ ಹಿಂದಕ್ಕೆ ಓಡಿತು. ಮುಕ್ಕಾಲು ಗಂಟೆಯಾದ ಮೇಲೆ ಅವಳು, "ಸರ್, ನಿಮ್ಮ ಕಣ್ಣಿಗೆ ನಿಮ್ಮ ಮೇಲೇ ನಂಬಿಕೆ ಇಲ್ಲ. ಮನೇಲಿ ದಿನಾ ಅಭ್ಯಾಸ ಮಾಡಿ. ಒಳ್ಳೆ ಬೆಳಕಿರೋ ಕಡೆ ಕೂತ್ಕೊಳ್ಳಿ," ಎಂದು ಕಳಿಸಿದಳು.

ಒಳ್ಳೆಯ ಬೆಳಕು ಇರುವುದು ಎಲ್ಲಿ? ಮುಂದಿನ ಕೋಣೆಯ ಕಿಟಕಿಯಲ್ಲಿ. ಹನ್ನಿ ವೃದ್ಧಾಶ್ರಮದ ಅಡುಗೆಮನೆಗೆ ಆರೂವರೆಗೆ ಹೊರಡುತ್ತಾಳೆ. ಬೆರೆಂಡ್ ಅಂಗಡಿ ತೆಗೆಯುವುದು ಒಂಬತ್ತಕ್ಕೆ. ನಡುವಿನ ಹೊತ್ತೆಲ್ಲ ಅವನದೇ. ಮತ್ತು, ಮೊದಲೇ ಹೇಳಿದೆನಲ್ಲ, ನನ್ನದು.

ಏಪ್ರಿಲ್ ಮೊದಲ ವಾರ ನನ್ನ ಕಾಫಿ ಎರಡು ಸಲ ಆರಿಹೋಯಿತು. ಎದುರಿನ ಕಿಟಕಿಯಲ್ಲಿ ಬೆರೆಂಡ್ ಕೂತು ಕಣ್ಣು ಉಜ್ಜಿಕೊಳ್ಳುತ್ತಿದ್ದ. ಕೆನ್ನೆಯ ಮೇಲೆ ಧಾರಾಕಾರ ನೀರು. ಎರಡನೆಯ ದಿನವೂ ಅದೇ. ಮೂರನೆಯ ದಿನ ತಲೆ ಹಿಂದಕ್ಕೆ ಹಾಕಿ ಸೂರು ನೋಡಿದ, ಬಾಯಿ ತೆರೆದ, ಆಮೇಲೆ ಧೊಪ್ಪನೆ ಮಂಡಿಯೂರಿ ಜಮಖಾನದ ಮೇಲೆ ಎರಡೂ ಕೈ ಆಡಿಸಿದ. ನಾನು ನನ್ನ ಹೆಂಡತಿ ಟ್ರೂಸಳನ್ನು ಕರೆದೆ.

"ಅಯ್ಯೋ ದೇವರೇ," ಎಂದಳು ಟ್ರೂಸ್. "ಲುಬ್ಬರ್ಟ್, ಆ ಮನುಷ್ಯ ಒಳಗೊಳಗೇ ಕುಸಿದುಹೋಗಿದ್ದಾನೆ."

"ಹೋಗಿ ಕೇಳಿದ್ರೆ ಆಯ್ತಪ್ಪ," ಎಂದೆ.

"ಕೇಳೋದಾ! ಏನಂತ ಕೇಳ್ತೀಯ? ನಿನ್ನ ಕಿಟಕಿಯಲ್ಲಿ ನೋಡಿದೆ ಅಂತಲಾ?"

ಅದೂ ಸರಿಯೇ. ನಮ್ಮಲ್ಲಿ ನೋಡಬಹುದು, ನೋಡಿದೆ ಎನ್ನುವಂತಿಲ್ಲ. ಆದ್ದರಿಂದ ವಿಷಯವನ್ನು ಕ್ರಮಪ್ರಕಾರ ಮೊದಲ ನೆರೆಯವನಿಗೆ ತಲುಪಿಸಿದೆವು. ಡೆರ್ಕ್ ಕೊಟ್ಟಿಗೆಯಲ್ಲಿ ಗುಲಾಬಿ ಎಣಿಸುತ್ತಿದ್ದ. ಕೇಳಿಸಿಕೊಂಡು ಗಂಭೀರನಾದ. ತನ್ನ ಸೈಕಲ್ಲಿನ ಟೈರಿಗೆ ತಾನೇ ಒಂದು ಮೊಳೆ ಚುಚ್ಚಿದ. ಗಾಳಿ ಹೋದ ಸೈಕಲ್ ತಳ್ಳಿಕೊಂಡು ಬೆರೆಂಡನ ಅಂಗಡಿಗೆ ಹೋದ. ನನ್ನನ್ನೂ ಸಾಕ್ಷಿಗೆ ಕರೆದುಕೊಂಡ.

"ಹೇಗಿದ್ದೀಯ ಬೆರೆಂಡ್?"

"ಚೆನ್ನಾಗಿದ್ದೀನಿ." ಜಾಮ್ ಬಾಟಲಿಯ ಹಿಂದೆ ಏನಿದೆಯೋ ಕಾಣಲಿಲ್ಲ, ಕನ್ನಡಕದ ಸುತ್ತ ಮುಖ ಮಾತ್ರ ಟೊಮೆಟೊ ಹಾಗೆ ಕೆಂಪಾಗಿತ್ತು.

"ಏನಾದ್ರೂ ಇದ್ರೆ ಹೇಳು. ನಾನು ಮೊದಲ ನೆರೆಯವನು. ಅದಕ್ಕೇ ಇರೋದು."

ಬೆರೆಂಡ್ ಗಾಬರಿಯಿಂದ ಪಂಪು ಕೆಳಗಿಟ್ಟ. "ನಿನಗೆ ಹೇಗೆ ಗೊತ್ತಾಯ್ತು? ನೋಡು ಡೆರ್ಕ್, ನಿನ್ನ ಕಾಲು ಹಿಡ್ಕೋತೀನಿ, ಹನ್ನಿಗೆ ಮಾತ್ರ ಹೇಳ್ಬೇಡ. ಹದಿನೇಳನೇ ತಾರೀಕಿಗೆ ನಾನೇ ಹೇಳ್ತೀನಿ."

ಡೆರ್ಕನೂ ನಾನೂ ಮುಖ ಮುಖ ನೋಡಿಕೊಂಡೆವು. ಬೆರೆಂಡ್ ಟ್ಯೂಬಿಗೆ ತೇಪೆ ಹಾಕಿದ, ದುಡ್ಡು ಬೇಡವೆಂದ. ಅಷ್ಟು ಒಳ್ಳೆಯ ಮನುಷ್ಯ ಏನು ಮಾಡಿಕೊಂಡಿರಬಹುದೆಂದು ನಾವಿಬ್ಬರೂ ದಾರಿಯುದ್ದಕ್ಕೂ ಮರುಗಿದೆವು.

ಇತ್ತ ಬೆರೆಂಡ್ ಮೂರು ವಾರ ಗುದ್ದಾಡಿ ಲೆನ್ಸ್ ಹಾಕಿಕೊಳ್ಳಲು ಕಲಿತ. ಕಲಿತ ದಿನ ಕನ್ನಡಿ ನೋಡಿ ಹೆದರಿದ. ಹದಿನೈದನೇ ವಯಸ್ಸಿನಿಂದ ಕನ್ನಡಕವಿಲ್ಲದ ತನ್ನ ಮುಖವನ್ನು ಅವನು ಸ್ಪಷ್ಟವಾಗಿ ನೋಡಿದವನಲ್ಲ. ಕಣ್ಣೇನೋ ಇತ್ತು. ರೆಪ್ಪೆಗೂದಲು ಮಾತ್ರ, ನಮ್ಮ ಸೀಮೆಯ ಅರ್ಧ ಜನರದ್ದರ ಹಾಗೆ, ಒಣಹುಲ್ಲಿಗಿಂತ ಬಿಳಿ. ಇದ್ದೂ ಇಲ್ಲ. ಸುಲಿದ ಆಲೂಗಡ್ಡೆಗೆ ಎರಡು ತೂತು ಕೊರೆದ ಹಾಗೆ ಕಂಡಿತಂತೆ ಅವನಿಗೆ.

ಫೆಮ್ಕೆಯ ಹತ್ತಿರ ದುಃಖ ತೋಡಿಕೊಂಡ. ಅವಳು, "ಫೋಟೋದಲ್ಲಂತೂ ನಿಮ್ಮ ರೆಪ್ಪೆ ಬರೋದೇ ಇಲ್ಲ ಸರ್. ಸ್ವಲ್ಪ ಮಸ್ಕಾರಾ ಹಚ್ಚಿ. ನಮ್ಮಣ್ಣನೂ ಹಚ್ಕೋತಾನೆ, ಲಾರಿ ಓಡಿಸ್ತಾನೆ, ಏನೂ ಆಗಿಲ್ಲ," ಎಂದಳು. ಲಾರಿ ಎಂದದ್ದು ಬೆರೆಂಡನಿಗೆ ಧೈರ್ಯ ತಂದಿತು.

ಸೋಪು, ಶಾಂಪೂ ಮಾರುವ ಅಂಗಡಿಗೆ ಅವನು ಹೋದಾಗ ಡಯಪರ್ ಸಾಲಿನ ಹಿಂದೆ ನನ್ನ ಟ್ರೂಸ್ ನಿಂತಿದ್ದಳು. ನಮ್ಮ ಮನೆಯಲ್ಲಿ ಮಕ್ಕಳು ಮರಿ ಯಾರೂ ಇಲ್ಲ, ಡಯಪರ್ ಸಾಲಿನಲ್ಲಿ ನಿನಗೇನು ಕೆಲಸ ಎಂದು ನಾನು ಆಮೇಲೆ ಕೇಳಿದೆ. ಬಂದ ವರದಿ ಇಷ್ಟು: ಬೆರೆಂಡ್ ಕಣ್ಣಿನ ಸಾಮಾನಿನ ಮುಂದೆ ಅರ್ಧ ಗಂಟೆ ನಿಂತ. ಕೊನೆಗೆ ಅಂಗಡಿಯವಳನ್ನು ಕರೆದು ಪಿಸುಗುಟ್ಟಿದ. "ಎಷ್ಟು ಅತ್ತರೂ ಅಳಿಸಿಹೋಗದೇ ಇರೋಂಥದ್ದು ಯಾವುದಿದೆ?"

ಟ್ರೂಸ್ ಮನೆಗೆ ಬಂದವಳು ಕೋಟು ತೆಗೆಯದೆಯೇ ಕೂತಳು. "ಇನ್ನೊಬ್ಬಳಿದ್ದಾಳೆ," ಎಂದಳು. "ಅವಳೂ ಅಳ್ತಿದ್ದಾಳೆ."

ಆ ಸಂಜೆ ಗುಲಾಬಿ ಮಡಚುವ ಕೈಗಳು ನಿಂತವು, ಬಾಯಿಗಳು ಓಡಿದವು. ಕೆಲವರು ಬೆರೆಂಡನಂಥ ಬೆರೆಂಡನಿಗೆ ಇದು ಸಾಧ್ಯವೇ ಎಂದರು. ಕೆಲವರು ಅಂಥವರೇ ಮಾಡುವುದು ಎಂದರು. ಡೆರ್ಕ್ ಮಾತ್ರ, "ಪಾದ್ರಿಗಳಿಗೆ ಹೇಳೋಣ. ಇದು ನನ್ನ ಹುದ್ದೆ ಮೀರಿದ್ದು," ಎಂದ.

ಪಾದ್ರಿ ಮೈಂಡರ್ಟ್ಸ್ ಮರುದಿನ ಬೆಳಿಗ್ಗೆ ಎಂಟಕ್ಕೆ ಸೈಕಲ್ ಮೇಲೆ ಬಂದರು. ಅದೇ ದಿನ ಬೆರೆಂಡ್ ಮಸ್ಕಾರಾದ ಮೊದಲ ಪ್ರಯೋಗಕ್ಕೆ ಕೂತಿದ್ದ. ಲೆನ್ಸ್ ಮೊದಲು ಹಾಕಿ ಆಮೇಲೆ ರೆಪ್ಪೆಗೆ ಹಚ್ಚಬೇಕು ಎನ್ನುವುದು ಲೋಕದ ಎಲ್ಲ ಹೆಂಗಸರಿಗೂ ಗೊತ್ತು. ಬೆರೆಂಡ್ ಮೊದಲು ಹಚ್ಚಿದ, ಹಸಿ ಇರುವಾಗಲೇ ಲೆನ್ಸ್ ಹಾಕಲು ಹೋದ. ಕಪ್ಪು ಕಣ್ಣೊಳಗೆ ಇಳಿಯಿತು. ಅಳಿಸಿಹೋಗದಂಥದ್ದು ಎಂದು ಕೊಟ್ಟದ್ದು ರೆಪ್ಪೆ ಒಂದನ್ನು ಬಿಟ್ಟು ಮಿಕ್ಕ ಕಡೆಯೆಲ್ಲ ಅಳಿಸದೆ ನಿಂತಿತು. ಕಿಟಕಿಯಲ್ಲಿ ನಮಗೆ ಕಂಡದ್ದು ಕೆನ್ನೆಯ ಮೇಲೆ ಕಪ್ಪು ಕಣ್ಣೀರು ಹರಿಸುತ್ತ, ಬಾಯಿ ತೆರೆದು ಒದ್ದಾಡುತ್ತಿರುವ ಬೆರೆಂಡ್.

ಪಾದ್ರಿಗಳು ಗಂಟೆ ಒತ್ತಲೂ ಇಲ್ಲ, ಹಿತ್ತಿಲ ಬಾಗಿಲಿಂದ ನುಗ್ಗಿದರು. ಬೆರೆಂಡನ ಭುಜ ಹಿಡಿದರು. ಬೆರೆಂಡ್ ಏನೋ ಹೇಳಿ ಜಮಖಾನದ ಮೇಲೆ ಮಂಡಿಯೂರಿದ. ಪಾದ್ರಿಗಳೂ ಮಂಡಿಯೂರಿದರು. ಇಬ್ಬರೂ ತಲೆ ನೆಲಕ್ಕೆ ತಾಗುವಷ್ಟು ಬಾಗಿದರು. ನನ್ನ ಪಕ್ಕದಲ್ಲಿ ಟ್ರೂಸ್ ಏಪ್ರನ್ ಬಿಚ್ಚಿ ಕೈ ಜೋಡಿಸಿದಳು. ನಾನು ಕಾಫಿ ಲೋಟ ಕೆಳಗಿಟ್ಟೆ. ಮನುಷ್ಯನಿಗೆ ಅಷ್ಟಾದರೂ ಮರ್ಯಾದೆ ಬೇಕು. ಐದು ನಿಮಿಷದ ಮೇಲೆ ಪಾದ್ರಿಗಳು ಎದ್ದು, ಎರಡು ಬೆರಳ ನಡುವೆ ಏನೂ ಇಲ್ಲದ್ದನ್ನು ಹಿಡಿದು ಬೆಳಕಿಗೆ ಎತ್ತಿ ತೋರಿಸಿದರು. ಬೆರೆಂಡ್ ಅವರನ್ನು ತಬ್ಬಿಕೊಂಡ.

"ಪಾಪ ಕಳೀತು," ಎಂದಳು ಟ್ರೂಸ್.

ಹೊರಗೆ ಡೆರ್ಕ್ ಪಾದ್ರಿಗಳ ಸೈಕಲ್ ಹಿಡಿದು ಕಾಯುತ್ತಿದ್ದ. ಅವರ ಬಿಳಿ ಕಾಲರಿನ ಮೇಲೆ ಕಪ್ಪು ಮಚ್ಚೆ. "ಏನು ಸಮಾಚಾರ ಪಾದ್ರಿಗಳೇ?"

ಪಾದ್ರಿಗಳಿಗೆ ಬೆರೆಂಡ್ ಎಲ್ಲವನ್ನೂ ಹೇಳಿದ್ದ, ಗುಟ್ಟು ಬಿಡಬಾರದೆಂದು ಮಾತೂ ತೆಗೆದುಕೊಂಡಿದ್ದ. ಅವರು ತುಟಿ ಬಿಗಿಹಿಡಿದರು. ನಗು ತಡೆಯಲು ಎಂದು ಆಮೇಲೆ ತಿಳಿಯಿತು. ಆಗ ನಮಗೆ ಶೋಕದ ಹಾಗೆ ಕಂಡಿತು. "ನಾನು ಏನೂ ಹೇಳೋ ಹಾಗಿಲ್ಲ. ಅದು ಗಂಡ ಹೆಂಡತಿ ನಡುವಿನ ವಿಷಯ. ಹದಿನೇಳರಂದು ನಿಮಗೇ ಗೊತ್ತಾಗುತ್ತೆ."

ಹೇಳದೆ ಬಿಟ್ಟ ಮಾತು ಹೇಳಿದ ಮಾತಿಗಿಂತ ಜೋರಾಗಿ ಓಡಿತು. ಡೆರ್ಕ್ ನಾನೂರ ಹನ್ನೆರಡು ಗುಲಾಬಿಗಳನ್ನು ಡಬ್ಬದಲ್ಲಿ ತುಂಬಿ ಕೊಟ್ಟಿಗೆಗೆ ಬೀಗ ಹಾಕಿದ. "ಕಮಾನು ಮದುವೆಗೆ ಕಟ್ಟೋದು," ಎಂದ. "ಮದುವೆ ಇದೆಯೋ ಇಲ್ಲವೋ ಗೊತ್ತಾಗದೆ ನಾನು ಮರ ಕಡಿಯೋಲ್ಲ."

ಹನ್ನಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಹೇಳದಿದ್ದರೇನು, ಕರ್ತವ್ಯ ಬಿಟ್ಟೀತೇ? ಸೋಮವಾರ ಬಾಗಿಲಿಗೆ ಒಂದು ಪಾತ್ರೆ ಬಟಾಣಿ ಸೂಪು ಬಂತು. ಮಂಗಳವಾರ ಎರಡು. ಬಟಾಣಿ ಸೂಪು ನಾವು ಚಳಿಗಾಲದಲ್ಲಿ ಮಾಡುವುದು. ಮೇ ತಿಂಗಳಲ್ಲಿ ಅದು ಬಂತೆಂದರೆ ಮನೆಯಲ್ಲಿ ಸಾವು ಎಂದರ್ಥ. ಬುಧವಾರ ಅಂಚೆಯಲ್ಲಿ ಹದಿನಾಲ್ಕು ಕಾರ್ಡುಗಳು ಬಂದವು, ಎಲ್ಲದರಲ್ಲೂ ಬಿಳಿ ಹೂವು, ಎಲ್ಲದರಲ್ಲೂ ಒಂದೇ ಮಾತು: ಧೈರ್ಯ ತಂದುಕೋ.

ಹನ್ನಿ ಗಟ್ಟಿ ಹೆಂಗಸು. ಮೂರು ಪಾತ್ರೆಗಳನ್ನೂ ಒಂದರ ಮೇಲೊಂದು ಪೇರಿಸಿಕೊಂಡು ಸೀದಾ ನಮ್ಮ ಮನೆಗೆ ಬಂದು ಮೇಜಿನ ಮೇಲೆ ಕುಕ್ಕಿದಳು.

"ಟ್ರೂಸ್, ಒಂದೇ ಮಾತಲ್ಲಿ ಹೇಳು. ನನ್ನ ಗಂಡ ಸಾಯ್ತಿದ್ದಾನಾ?"

"ಇಲ್ಲ ಕಣೇ! ಸಾಯೋದೆಲ್ಲ ಏನಿಲ್ಲ."

"ಮತ್ತೆ ಈ ಸೂಪು ಯಾರಿಗೆ?"

ಟ್ರೂಸ್ ನನ್ನ ಮುಖ ನೋಡಿದಳು. ನಾನು ನನ್ನ ಮಂಡಿ ನೋಡಿಕೊಂಡೆ. ಕೊನೆಗೆ ಟ್ರೂಸ್, "ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗೋ ಹಾಗೆ ಹೊರಟು, ಹಿಂದಿನ ಓಣಿಯಿಂದ ನಮ್ಮನೆಗೆ ಬಾ. ನೀನೇ ನೋಡು," ಎಂದಳು.

ಹಾಗೆ ಗುರುವಾರ ಬೆಳಿಗ್ಗೆ ಏಳಕ್ಕೆ ನನ್ನ ಕಿಟಕಿಯ ಮುಂದೆ ನಾವು ನಾಲ್ಕು ಜನ ಸೇರಿದೆವು: ಹನ್ನಿ, ಟ್ರೂಸ್, ನಾನು, ಮತ್ತು ಅಧಿಕೃತವಾಗಿ ಬಂದಿದ್ದ ಡೆರ್ಕ್. ಬೆರೆಂಡ್ ಎದುರಿಗೆ ಬಂದು ಕೂತ. ಕನ್ನಡಕ ತೆಗೆದ. ಕಣ್ಣಿಗೆ ಏನೋ ಹಾಕಿಕೊಂಡ, ಈ ಸಲ ಅಳಲಿಲ್ಲ. ಆಮೇಲೆ ಜೇಬಿನಿಂದ ಸಣ್ಣ ಕಡ್ಡಿಯೊಂದನ್ನು ತೆಗೆದು, ನಾಲಗೆ ಒಂದು ಕಡೆ ಚಾಚಿ, ಎಡಗಣ್ಣಿನ ರೆಪ್ಪೆಗೆ ಕಪ್ಪು ಹಚ್ಚತೊಡಗಿದ.

ಡೆರ್ಕ್ ಕಿಟಕಿಯ ಗಾಜಿಗೆ ಮೂಗು ಒತ್ತಿದ.

"ಅಂದ್ರೆ," ಎಂದ ಡೆರ್ಕ್ ಕೊನೆಗೆ. "ಇನ್ನೊಬ್ಬಳು ಅಂದ್ರೆ... ಅವನೇನಾ?"

ಹನ್ನಿ ಅಷ್ಟರಲ್ಲಿ ರಸ್ತೆ ದಾಟಿ ಆಗಿತ್ತು. ನಾವು ಹಿಂದೆಯೇ ಓಡಿದೆವು. ನನ್ನ ಮಂಡಿಯೂ ಓಡಿತು. ಬೆರೆಂಡ್ ಕಡ್ಡಿ ಹಿಡಿದ ಕೈಯನ್ನು ಗಾಳಿಯಲ್ಲೇ ಬಿಟ್ಟು ಬಾಗಿಲಿನತ್ತ ತಿರುಗಿದ್ದ. ಒಂದು ಕಣ್ಣು ಕಪ್ಪು, ಒಂದು ಬಿಳಿ.

"ಏನು ಮಾಡ್ತಿದ್ದೀಯ ಬೆರೆಂಡ್?" ಎಂದಳು ಹನ್ನಿ.

"ಫೋಟೋಗೆ," ಎಂದ.

"ಯಾವ ಫೋಟೋಗೆ?"

"ಹದಿನೇಳನೇ ತಾರೀಕಿಂದು. ನಿನ್ನ ಹತ್ರ ಒಂದಾದ್ರೂ ಇರಲಿ ಅಂತ. ಕಣ್ಣಿರೋದು. ನೀನು ಅವತ್ತು ಹೇಳಿದ್ಯಲ್ಲ." ಬೆರೆಂಡ್ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. "ಗುಟ್ಟಾಗಿ ಇಟ್ಟಿದ್ದೆ," ಎಂದು ಸೇರಿಸಿದ.

ಹನ್ನಿ ಹತ್ತಿರ ಹೋಗಿ ಅವನ ಎರಡೂ ಕಣ್ಣನ್ನು ನೋಡಿದಳು. ನಲವತ್ತು ವರ್ಷದ ಗಂಡ ಅವಳ ಒಂದು ತಮಾಷೆಯ ಮಾತಿಗಾಗಿ ಎರಡು ತಿಂಗಳು ಕಣ್ಣಲ್ಲಿ ಬೆರಳಿಟ್ಟುಕೊಂಡಿದ್ದ. ಆದರೆ ಅವಳು ಹೇಳಿದ್ದು ಇಷ್ಟೇ: "ಆ ಕಣ್ಣಿಗೂ ಹಚ್ಚು. ಅರ್ಧಕ್ಕೆ ಬಿಡ್ಬೇಡ."

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ಡೆರ್ಕ್ ಬಿಡಲಿಲ್ಲ. ಅವನ ಮುಖ ನೋಡಿದರೆ, ಬೆರೆಂಡ್ ಕೊಲೆ ಮಾಡಿದ್ದರೂ ಅಷ್ಟು ಕಸಿವಿಸಿ ಆಗುತ್ತಿರಲಿಲ್ಲವೇನೋ.

"ನೋಡು ಬೆರೆಂಡ್, ಇನ್ನೊಬ್ಬಳು ಇದ್ದಿದ್ರೆ ಅರ್ಥವಾದ್ರೂ ಆಗ್ತಿತ್ತು. ಅಂಥದ್ದು ಊರಲ್ಲಿ ಆಗಿದೆ, ಅದಕ್ಕೊಂದು ದಾರಿ ಇದೆ. ಗಂಡಸು ರೆಪ್ಪೆಗೆ ಬಣ್ಣ ಬಳ್ಕೊಳ್ಳೋದಕ್ಕೆ ನಮ್ಮ ಬೀದೀಲಿ ದಾರಿ ಇಲ್ಲ. ಫೋಟೋ ಊರಿನ ವಾರಪತ್ರಿಕೆಗೆ ಹೋಗುತ್ತೆ. ಕೆಳಗೆ ಮೊದಲ ನೆರೆಯವನು ಅಂತ ನನ್ನ ಹೆಸರು ಬರುತ್ತೆ. ಲೆನ್ಸ್ ಬೇಕಾದ್ರೆ ಹಾಕ್ಕೋ, ಕಾಣ್ಸೋಲ್ಲ. ಆ ಕಪ್ಪು ತೊಳಿ. ತೊಳೆದ್ರೆ ಕಮಾನು. ಇಲ್ದಿದ್ರೆ ಇಲ್ಲ."

ಬೆರೆಂಡ್ ಬಟ್ಟೆ ತರುತ್ತಾನೆಂದೇ ನಾವೆಲ್ಲ ಅಂದುಕೊಂಡೆವು. ಅವನು ಕನ್ನಡಿಯತ್ತ ತಿರುಗಿ, ಬಲಗಣ್ಣಿಗೆ ನಿಧಾನವಾಗಿ ಮೂರು ಸಲ ಹಚ್ಚಿ, ಕಡ್ಡಿಯನ್ನು ಕೊಳವೆಗೆ ತಿರುಪಿ ಮುಚ್ಚಿದ.

"ಇಲ್ಲ," ಎಂದ.

ಆ ಮಾತು ಅವನ ಬಾಯಲ್ಲಿ ಎಷ್ಟು ಹೊಸದಾಗಿತ್ತೆಂದರೆ ಹೇಳಿದವನೇ ಒಂದು ಕ್ಷಣ ಬೆಚ್ಚಿದ. ಆಮೇಲೆ ಅದರ ರುಚಿ ಹತ್ತಿತೆಂದು ಕಾಣುತ್ತದೆ.

"ಇಲ್ಲ ಡೆರ್ಕ್. ತೊಳೆಯೋಲ್ಲ. ಕಣ್ಣು ನಂದು. ರೆಪ್ಪೆ ನಂದು. ಮದುವೆ ನಂದು ಮತ್ತೆ ಹನ್ನಿದು. ಕಮಾನು ನಿಂದು; ನಿನ್ನ ಕೋಳಿಗೂಡಿಗೆ ಕಟ್ಕೋ."

ಶುಕ್ರವಾರ ಡೆರ್ಕ್ ಕೊಟ್ಟಿಗೆಯಲ್ಲಿ ಸಭೆ ಕರೆದ. ಬೀದಿಯ ಹನ್ನೆರಡು ಮನೆಯವರೂ ಬಂದರು. ಡೆರ್ಕ್ ಸಂಪ್ರದಾಯದ ಬಗ್ಗೆ ಮಾತಾಡಿದ, ಪೌರಸಭೆಯಲ್ಲಿ ತಾನು ಮೂವತ್ತು ವರ್ಷ ಕಾಪಾಡಿದ ಶಿಸ್ತಿನ ಬಗ್ಗೆ ಮಾತಾಡಿದ. ಟ್ರೂಸ್ ಕೈ ಎತ್ತಿದಳು.

"ನಾನು ಮೂವತ್ತೈದು ವರ್ಷದಿಂದ ಹಚ್ಕೋತಿದ್ದೀನಿ. ನನ್ನ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ನೀನೇ ಬಂದು ಕಮಾನು ಕಟ್ಟಿದ್ದೆ."

"ನೀನು ಹೆಂಗಸು."

"ಅದು ರೆಪ್ಪೆಗೆ ಗೊತ್ತಾ?"

ಕೆಲವರು ನಕ್ಕರು. ಆದರೆ ಡೆರ್ಕ್ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡದ್ದನ್ನು ಯಾರೂ ತಡೆಯಲಿಲ್ಲ. ನಾನೂ ತಡೆಯಲಿಲ್ಲ. ಬೆರೆಂಡ್ ನನ್ನ ಸೈಕಲ್ಲಿಗೆ ನಾನು ಅಂಚೆ ಹಂಚಿದ ಅಷ್ಟೂ ವರ್ಷ ತೇಪೆ ಹಾಕಿದವನು. ನಾನು ನೆಲ ನೋಡುತ್ತ ಕೂತೆ. ಅದು ನನಗೆ ಈಗಲೂ ನಾಚಿಕೆಯ ವಿಷಯ.

ಹದಿನೇಳನೇ ತಾರೀಕು ಬೆಳಗಾಯಿತು. ಲೆಸ್ಸಿಂಕರ ಬಾಗಿಲು ಬೋಳಾಗಿ ನಿಂತಿತ್ತು. ನಲವತ್ತನೇ ವರ್ಷಕ್ಕೆ ಬೋಳು ಬಾಗಿಲೆಂದರೆ ನಮ್ಮಲ್ಲಿ ಮುಖಕ್ಕೆ ಹೊಡೆದ ಹಾಗೆ. ಹನ್ನೊಂದಕ್ಕೆ ಹನ್ನಿಯ ಅಕ್ಕತಂಗಿಯರು, ಬೆರೆಂಡನ ತಮ್ಮ, ಮಗಳು ಅಳಿಯ ಎಲ್ಲ ಬರುವವರಿದ್ದರು. ಅವರು ನೋಡುತ್ತಾರೆ, ಊರಿಗೆ ಊರೇ ನೋಡುತ್ತದೆ. ಈ ಮನೆಗೆ ನೆರೆಯವರೇ ಇಲ್ಲ ಎನ್ನುತ್ತದೆ.

ಒಂಬತ್ತು ಗಂಟೆಗೆ ಬೆರೆಂಡ್ ಕಿಟಕಿಗೆ ಎರಡು ಕುರ್ಚಿ ತಂದು ಹಾಕಿದ. ಸೂಟು ತೊಟ್ಟಿದ್ದ. ಲೆನ್ಸ್ ಹಾಕಿಕೊಂಡ, ಆಮೇಲೆ ಕಪ್ಪು ಹಚ್ಚಿಕೊಂಡ, ಕ್ರಮ ತಪ್ಪದೆ. ನಂತರ ಹನ್ನಿ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಅವಳು ಕಟ್ಟುನಿಟ್ಟಿನ ಮನೆಯಲ್ಲಿ ಬೆಳೆದವಳು, ಮದುವೆಯ ದಿನವೂ ಮುಖಕ್ಕೆ ಪೌಡರ್ ಸೋಕಿಸಿದವಳಲ್ಲ. ಈಗ ಮುಖ ಮುಂದೆ ಚಾಚಿದಳು. ಬೆರೆಂಡ್ ಅವಳ ಗಲ್ಲ ಹಿಡಿದು, ಬೇರಿಂಗ್ ಗುಂಡು ಕೂರಿಸುವ ಅದೇ ಬೆರಳುಗಳಿಂದ, ಒಂದೊಂದೇ ರೆಪ್ಪೆಗೂದಲಿಗೆ ಹಚ್ಚಿದ. ಇಡೀ ಬೀದಿ ತನ್ನ ತನ್ನ ಕಿಟಕಿಯಲ್ಲಿ ನಿಂತಿತ್ತು. ಅವರಿಗೆ ಅದು ಗೊತ್ತಿತ್ತು. ಹನ್ನಿ ನಡುವೆ ಒಮ್ಮೆ ಬೀದಿಯ ಕಡೆ ತಿರುಗಿ ಕೈ ಬೀಸಿದಳು, ಮತ್ತೆ ಮುಖ ಚಾಚಿದಳು.

ಟ್ರೂಸ್ ಒಳಗಿನಿಂದ ಬಂದು ಕ್ಯಾಮೆರಾವನ್ನು ನನ್ನ ಕೈಗೆ ತುರುಕಿದಳು. "ಹೋಗು."

"ಮಂಡಿ ನೋವು."

"ರಸ್ತೆ ಹನ್ನೆರಡು ಹೆಜ್ಜೆ. ಮೊನ್ನೆ ಓಡಿದ್ದೆ."

"ಡೆರ್ಕ್ ಏನಂತಾನೆ?"

"ಡೆರ್ಕಿಗೆ ಈಗ ಬೇರೆ ಕೆಲಸ ಇದೆ. ಬೆಳಿಗ್ಗೆ ಆರಕ್ಕೇ ಕಾಲುವೆ ಬೀದಿಯವರಿಗೆ ಫೋನ್ ಮಾಡಿದ್ದೆ. ನಮ್ಮ ಬೀದಿಯವರಿಗೆ ಕಮಾನು ಕಟ್ಟೋ ಯೋಗ್ಯತೆ ಇಲ್ಲ, ನೀವು ಬಂದು ಕಟ್ತೀರಾ ಅಂತ ಕೇಳ್ದೆ. ಸಂತೋಷವಾಗಿ ಒಪ್ಕೊಂಡ್ರು. ಅದನ್ನ ಡೆರ್ಕಿಗೂ ತಿಳಿಸ್ದೆ."

ಕಾಲುವೆ ಬೀದಿ! ಇನ್ನೊಂದು ಬೀದಿಯವರು ಬಂದು ನಮ್ಮ ಬಾಗಿಲಿಗೆ ಕಮಾನು ಕಟ್ಟಿದರೆ ನಾವು ಊರು ಬಿಡಬೇಕಷ್ಟೆ. ನಾನು ರಸ್ತೆ ದಾಟಿದೆ. ಬೆರೆಂಡ್ ಮತ್ತು ಹನ್ನಿ ಬೋಳು ಬಾಗಿಲ ಮುಂದೆ ಬಂದು ನಿಂತಿದ್ದರು. ನಾನು ಇಬ್ಬರ ಕೈ ಕುಲುಕಿ ಅಭಿನಂದನೆ ಹೇಳಿದೆ. "ಮೊನ್ನೆ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ತಪ್ಪಾಯ್ತು," ಎಂದೆ. ಬೆರೆಂಡ್ ನನ್ನ ಕೈ ಬಿಡದೆ, "ಬಂದ್ಯಲ್ಲ," ಎಂದ.

ಕ್ಯಾಮೆರಾ ಎತ್ತುವಷ್ಟರಲ್ಲಿ ಡೆರ್ಕನ ಕೊಟ್ಟಿಗೆಯ ಬಾಗಿಲು ಧಡಾರನೆ ತೆರೆದುಕೊಂಡಿತು. ನಾಲ್ಕು ಜನ ಬೆವರು ಸುರಿಸುತ್ತ ಕಮಾನು ಹೊತ್ತು ತಂದರು. ಅವಸರದಲ್ಲಿ ಕಟ್ಟಿದ್ದು, ಸೊಪ್ಪು ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು, ನಲವತ್ತರ ಸೊನ್ನೆ ವಾಲಿತ್ತು. ಮುಂದೆ ಡೆರ್ಕ್ ಸುತ್ತಿಗೆ ಹಿಡಿದು ಯಾರ ಮುಖವನ್ನೂ ನೋಡದೆ ಬರುತ್ತಿದ್ದ.

"ಸರೀರಿ, ಸರೀರಿ. ಕಾಲುವೆಯೋರು ಬರೋಕೆ ಮುಂಚೆ ನಿಲ್ಲಿಸ್ಬೇಕು."

ಬೆರೆಂಡ್ ಸರಿಯಲಿಲ್ಲ. ಬಾಗಿಲಿಗೆ ಅಡ್ಡ ನಿಂತ. "ಮೊದಲು ಅಭಿನಂದನೆ ಹೇಳು, ಡೆರ್ಕ್."

"ಅಭಿನಂದನೆ," ಎಂದ ಡೆರ್ಕ್ ಮೋರಿಗೆ.

"ಮೋರಿಗೆ ಮದುವೆ ಆಗಿಲ್ಲ. ನನ್ನ ಮುಖ ನೋಡಿ ಹೇಳು."

ಡೆರ್ಕ್ ಬಾಗಿಲ ಚೌಕಟ್ಟಿಗೆ ಹೇಳಿದ. ಬೆರೆಂಡ್ ತಲೆ ಅಲ್ಲಾಡಿಸಿದ. ಡೆರ್ಕ್ ಬೆರೆಂಡನ ಟೈಗೆ ಹೇಳಿದ. ಬೆರೆಂಡ್ ಮತ್ತೆ ತಲೆ ಅಲ್ಲಾಡಿಸಿದ. ಕಮಾನು ಹೊತ್ತವರ ತೋಳು ನಡುಗತೊಡಗಿತು. "ಮಾರಾಯ, ನೋಡಿ ಹೇಳಿಬಿಡೋ, ಕೈ ಬಿದ್ದುಹೋಗ್ತಿದೆ," ಎಂದು ಒಬ್ಬ ಗೋಗರೆದ. ರಸ್ತೆಯ ಆಚೆ ತಿರುವಿನಲ್ಲಿ ಕಾಲುವೆ ಬೀದಿಯವರ ಟ್ರ್ಯಾಕ್ಟರ್ ಸದ್ದು ಕೇಳಿತು.

ಡೆರ್ಕ್ ಉಸಿರು ಎಳೆದುಕೊಂಡು ಕತ್ತು ಎತ್ತಿದ. ಬೆರೆಂಡನ ಕಣ್ಣು ನೋಡಿದ. ನೋಡಿದವನು ಅಲ್ಲೇ ನಿಂತುಬಿಟ್ಟ. ಸುತ್ತಿಗೆ ಕೆಳಗಿಳಿಯಿತು.

"ಅಭಿನಂದನೆ, ಬೆರೆಂಡ್," ಎಂದ. ಆಮೇಲೆ, "ನೀಲಿ. ನಿನ್ನ ಕಣ್ಣು ನೀಲಿ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದ.

ಬೆರೆಂಡ್ ರೆಪ್ಪೆ ಬಡಿಯಲಿಲ್ಲ. "ಮೂವತ್ತು ವರ್ಷದಿಂದ ನನ್ನ ಮನೇನ ನೋಡ್ತಾನೇ ಇದ್ದೀರಿ ಎಲ್ರೂ," ಎಂದ. "ಮತ್ತೇನು ನೋಡ್ತಿದ್ರಿ?"

ನಾನು ಕ್ಯಾಮೆರಾ ಒತ್ತಿದೆ. ಫೋಟೋದಲ್ಲಿ ಹನ್ನಿ ನಕ್ಕು ನಕ್ಕು ಕಪ್ಪೆಲ್ಲ ಕೆನ್ನೆಗಿಳಿದಿದೆ. ಡೆರ್ಕನ ಬಾಯಿ ತೆರೆದಿದೆ. ಕಮಾನು ಇನ್ನೂ ಗಾಳಿಯಲ್ಲಿದೆ. ನಡುವೆ ಬೆರೆಂಡ್, ಎರಡೂ ಕಣ್ಣು ಬಿಟ್ಟುಕೊಂಡು, ಸೀದಾ ನೋಡುತ್ತಿದ್ದಾನೆ.

ವಾರಪತ್ರಿಕೆಯಲ್ಲಿ ಅದು ಹಾಗೆಯೇ ಬಂತು, ಡೆರ್ಕನ ಹೆಸರಿನ ಸಮೇತ. ಮೂಲ ಪ್ರತಿಗೆ ಹನ್ನಿ ದೊಡ್ಡ ಚೌಕಟ್ಟು ಹಾಕಿಸಿ ಮುಂದಿನ ಕೋಣೆಯ ಕಿಟಕಿಯಲ್ಲಿ ಇಟ್ಟಿದ್ದಾಳೆ, ಫೋಟೋದ ಮುಖ ರಸ್ತೆಯ ಕಡೆಗೆ.